ದೋಣಿ ಹತ್ತಿದ ಹಳೆಯ ಲ್ಯಾಪ್‌ಟಾಪು

ವಳಕಮದಿನ್ನಿಗೂ ಕಡಲಿಗೂ ಎಲ್ಲಿಯ ನಂಟು ಎಂದು ಗೆಳೆಯರು ಕೇಳಬಹುದು. ನಂಟು ಹೊಟ್ಟೆಪಾಡಿನದು. ನಮ್ಮ ರಾಯಚೂರು, ಕೊಪ್ಪಳ ಕಡೆಯ ಎಷ್ಟೋ ಮಂದಿ ಮಲ್ಪೆ ಬಂದರಿನ ಬೋಟುಗಳಲ್ಲಿ ದುಡಿಯುತ್ತಾರೆ. ನನ್ನ ಸೋದರಮಾವನೂ ಅವರಲ್ಲೊಬ್ಬ. ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಆಳುಗಳು ಊರಿಗೆ ಮರಳುವುದು ವಾಡಿಕೆ. ಕಳೆದ ವರ್ಷ ಮಾವ ದುರಸ್ತಿಯ ಕೆಲಸಕ್ಕೆಂದು ಅಲ್ಲಿಯೇ ನಿಂತನು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನೂ ನನ್ನ ಹಳೆಯ ಲ್ಯಾಪ್‌ಟಾಪನ್ನೂ ಹೊತ್ತು ನಾನೇ ಮಲ್ಪೆಗೆ ಹೋದೆನು.

ಆ ಲ್ಯಾಪ್‌ಟಾಪನ್ನು ಕಂಡು ಹಾಸ್ಟೆಲಿನಲ್ಲಿ ನಗದವರಿಲ್ಲ. ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಬ್ಯಾಟರಿ ಸತ್ತಿತ್ತು, ತಂತಿ ಕಿತ್ತರೆ ಅದೂ ಕಣ್ಣುಮುಚ್ಚುತ್ತಿತ್ತು. ಆದರೆ ಈಗಿನ ಲ್ಯಾಪ್‌ಟಾಪುಗಳಲ್ಲಿ ಕಾಣದ ಒಂದು ವಸ್ತು ಅದರ ಬೆನ್ನಿನಲ್ಲಿತ್ತು: ಒಂಬತ್ತು ಕಡ್ಡಿಗಳ ಸೀರಿಯಲ್ ಪೋರ್ಟು.

ಮಲ್ಪೆಯಲ್ಲಿ ಮಾವನ ಮುಖ ಬಾಡಿತ್ತು. ಬೋಟಿನ ಕ್ಯಾಬಿನ್ನಿನಲ್ಲಿದ್ದ ಜಿ.ಪಿ.ಎಸ್. ತನ್ನ ಪರದೆಯ ಮೇಲೆ ಸ್ಥಾನವನ್ನು ತೋರಿಸುತ್ತಿತ್ತು. ಅದರಿಂದ ಮಾಹಿತಿ ಪಡೆಯಬೇಕಾದ ಫಿಶ್ ಫೈಂಡರಿನಲ್ಲಿ ಮಾತ್ರ ಬರಿಯ ಅಡ್ಡಗೆರೆಗಳು. ಹಿಂದಿನ ದಿನ ಕ್ಯಾಬಿನ್ನನ್ನು ತೊಳೆದವನು ಮಾವ. ನೀರು ಹೊಕ್ಕು ಜಿ.ಪಿ.ಎಸ್. ಕೆಟ್ಟಿದೆ, ಹೊಸದನ್ನೇ ಹಾಕಬೇಕು ಎಂದು ನೋಡಲು ಬಂದವರು ಹೇಳಿ ಹೋಗಿದ್ದರು. ಅದರ ಬೆಲೆ ಮಾವನ ಎರಡು ತಿಂಗಳ ಗಳಿಕೆ.

“ನಾ ಒರೆಸೀನಿ ಅಷ್ಟೇ ಅಳಿಯಾ, ನೀರು ಹಾಕಿಲ್ಲ. ಹೇಳಿದ್ರ ಯಾರು ಕೇಳ್ತಾರ?” ಎಂದನು.

ಯಂತ್ರದೊಡನೆ ಬಂದ ಇಂಗ್ಲಿಷು ಕೈಪಿಡಿ ಕ್ಯಾಬಿನ್ನಿನ ಮೂಲೆಯಲ್ಲಿ ಬಿದ್ದಿತ್ತು. ಯಾರೂ ತೆರೆದಂತೆ ಕಾಣಲಿಲ್ಲ. ರಾತ್ರಿಯೆಲ್ಲ ಕುಳಿತು ಓದಿದೆನು. ಬಿ.ಎ. ವಿದ್ಯಾರ್ಥಿಗೆ ವಿದ್ಯುತ್ತಿನ ಶಾಸ್ತ್ರ ಏನು ಗೊತ್ತು? ಆದರೆ ಅಲ್ಲಿಯ ಮಾತುಗಳು ನಮ್ಮ ವ್ಯಾಕರಣದ ತರಗತಿಯವೇ ಆಗಿದ್ದವು! ದೋಣಿಯ ಯಂತ್ರಗಳು ಪರಸ್ಪರ ಮಾತಾಡಲು ಅಮೆರಿಕದ ನೌಕಾ ಎಲೆಕ್ಟ್ರಾನಿಕ್ಸ್ ಸಂಘವು ೧೯೮೩ರಲ್ಲಿ ಒಂದು ನಿಯಮಾವಳಿಯನ್ನು ಹೊರಡಿಸಿತು, ಎನ್.ಎಂ.ಇ.ಎ. ೦೧೮೩ ಎಂಬುದು ಅದರ ಹೆಸರು. ಅದರಲ್ಲಿ ಒಂದು ಯಂತ್ರ ‘ಮಾತಾಡುವವನು’, ಉಳಿದವು ‘ಕೇಳುವವರು’. ಕಳಿಸುವ ಪ್ರತಿಯೊಂದು ಸಾಲೂ ಒಂದು ‘ವಾಕ್ಯ’. ವಾಕ್ಯ ಡಾಲರ್ ಚಿಹ್ನೆಯಿಂದ ಆರಂಭವಾಗುತ್ತದೆ. ಕೊನೆಯಲ್ಲಿ ನಕ್ಷತ್ರ ಚಿಹ್ನೆ ಮತ್ತು ತಾಳೆ ನೋಡುವ ಎರಡು ಅಕ್ಷರ. ಒಂದು ವಾಕ್ಯ ೮೨ ಅಕ್ಷರಗಳನ್ನು ಮೀರುವಂತಿಲ್ಲ. ನಮ್ಮ ಕೆಲವು ಭಾಷಣಕಾರರಿಗೂ ಈ ನಿಯಮ ಬಂದರೆ ಎಷ್ಟು ಚೆನ್ನ!

ಬೆಳಗ್ಗೆ ವಿದ್ಯುತ್ತನ್ನು ಆರಿಸಿ, ಜಿ.ಪಿ.ಎಸ್.ನ ಮಾತಾಡುವ ತಂತಿಯನ್ನು ಪೋರ್ಟಿನ ಎರಡನೆಯ ಕಡ್ಡಿಗೂ ಅದರ ಜೊತೆಯ ತಂತಿಯನ್ನು ಐದನೆಯದಕ್ಕೂ ಜೋಡಿಸಿದೆನು. ವೇಗವನ್ನು ೯೬೦೦ಕ್ಕೆ ಇಟ್ಟಾಗ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು. ನನ್ನ ಕೈ ನಡುಗಿತು. ಕೈಪಿಡಿ ಮತ್ತೆ ನೋಡಿದೆ: ೪೮೦೦ ಎಂದಿತ್ತು. ಬದಲಿಸಿದೊಡನೆ ವಾಕ್ಯಗಳು ಒಂದರ ಕೆಳಗೊಂದು ಶುದ್ಧವಾಗಿ ಇಳಿಯತೊಡಗಿದವು. ಉತ್ತರ ಅಕ್ಷಾಂಶ ೧೩ ಡಿಗ್ರಿ, ಪೂರ್ವ ರೇಖಾಂಶ ೭೪ ಡಿಗ್ರಿ, ಮುಂದೆ ಮಿನಿಟುಗಳು. ಗಂಟೆಯ ನಂತರ ‘ಎ’ ಅಕ್ಷರ. ಸ್ಥಾನ ನಂಬತಕ್ಕದ್ದೆಂದು ಅದರ ಅರ್ಥ. ‘ವಿ’ ಬಂದರೆ ನಂಬತಕ್ಕದ್ದಲ್ಲ.

ಜಿ.ಪಿ.ಎಸ್. ಸರಿಯಾಗಿಯೇ ಮಾತಾಡುತ್ತಿತ್ತು! ಅದನ್ನು ಮೊದಲಿನಂತೆ ಜೋಡಿಸಿ, ಅದೇ ತಂತಿಯ ಇನ್ನೊಂದು ತುದಿಗೆ, ಫಿಶ್ ಫೈಂಡರಿನ ಬಳಿಗೆ, ಲ್ಯಾಪ್‌ಟಾಪನ್ನು ಒಯ್ದೆವು. ಅಲ್ಲಿ ಮೌನ. ಹಾಗಾದರೆ ದೋಷ ನಡುವೆ. ಮಾವ ಹಲಗೆ ಬಿಚ್ಚಿ ತಂತಿಯನ್ನು ಸವರುತ್ತ ಹೋದನು. ಟೇಪು ಸುತ್ತಿದ ಒಂದು ಹಳೆಯ ಗಂಟು ಸಿಕ್ಕಿತು. ಬಿಚ್ಚಿದರೆ ತಾಮ್ರವೆಲ್ಲ ಹಸಿರು ಕಿಲುಬಾಗಿ ಪುಡಿಯುದುರಿತು. ಅದು ಒಂದು ದಿನದ ನೀರಿನ ಕೆಲಸವಲ್ಲ, ಬಹುಕಾಲದ ಉಪ್ಪುಗಾಳಿಯದು.

ಧಣಿಗಳು ಬಂದು ಕಣ್ಣಾರೆ ನೋಡಿದರು. ಕಿಲುಬು ಹಿಡಿದ ಭಾಗವನ್ನು ಕತ್ತರಿಸಿ ಬೆಸುಗೆ ಹಾಕಿದ ಮೇಲೆ ಅಡ್ಡಗೆರೆಗಳ ಜಾಗದಲ್ಲಿ ಅಂಕಿಗಳು ಮೂಡಿದವು. ಅವರು ಕ್ಷಮೆ ಕೇಳಲಿಲ್ಲ. “ಹಣದ ವಿಷಯ ಬಿಡು ಮಾರಾಯ” ಎಂದಷ್ಟೇ ಹೇಳಿ ಚಹ ತರಿಸಿದರು.

ಈ ಅಂಕಿಗಳ ಬೆಲೆ ಮಲ್ಪೆಯವರಿಗೆ ಚೆನ್ನಾಗಿ ಗೊತ್ತು. ೨೦೧೮ರ ಡಿಸೆಂಬರಿನಲ್ಲಿ ಇಲ್ಲಿಂದಲೇ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಡನೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ನೌಕಾಪಡೆಗೆ ಸಿಕ್ಕಿದ್ದು ೨೦೧೯ರ ಮೇ ತಿಂಗಳಲ್ಲಿ. ಮಾವ ಆ ಹೆಸರನ್ನು ಹೇಳುವಾಗ ದನಿ ತಗ್ಗಿಸುತ್ತಾನೆ.

ಹೊರಡುವ ದಿನ ಲ್ಯಾಪ್‌ಟಾಪನ್ನು ಅವನಿಗೇ ಬಿಟ್ಟುಬಂದೆನು. ಅವನಿಗೆ ಇಂಗ್ಲಿಷು ಬಾರದು. ‘ಎ’ ಮತ್ತು ‘ವಿ’ ಎರಡೇ ಅಕ್ಷರಗಳನ್ನು ಕಲಿಸಿದೆನು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದಿ ಏನು ಮಾಡುತ್ತೀ ಎಂದು ಊರಿನಲ್ಲಿ ಕೇಳಿದವರಿಗೆ ಈವರೆಗೆ ಉತ್ತರ ಕೊಟ್ಟಿರಲಿಲ್ಲ. ಮೊನ್ನೆ ಮಾವ ಫೋನು ಮಾಡಿದ್ದನು. “ಇವತ್ತೂ ‘ಎ’ ಅದ ಅಳಿಯಾ” ಎಂದನು.