ಬಾಯಾರಿನ ದಾರಿಯಲ್ಲಿ

ಕಾಸರಗೋಡಿನವರಿಗೆ ನೀರಿನ ಬಗ್ಗೆ ದೂರುವ ಹಕ್ಕಿಲ್ಲವೆಂದು ಬಯಲುಸೀಮೆಯ ನನ್ನ ಸ್ನೇಹಿತರೊಬ್ಬರು ಆಗಾಗ ಹೇಳುವುದುಂಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ, ಒಂದೇ ಜಿಲ್ಲೆಯೊಳಗೆ ಹನ್ನೆರಡು ಹೊಳೆ, ಪಡುವಣಕ್ಕೆ ಇಡೀ ಸಮುದ್ರ. ಇಷ್ಟಿದ್ದೂ ಎಪ್ರಿಲ್ ಬಂದ ಕೂಡಲೇ ನೀರು ನೀರು ಎನ್ನುತ್ತೀರಲ್ಲ ಎಂಬುದು ಅವರ ವಾದ. ಥರ್ಮಾಮೀಟರಿನ ಲೆಕ್ಕದಲ್ಲಿ ಅವರ ಕಲಬುರಗಿಯ ಮುಂದೆ ನಮ್ಮ ಬಿಸಿಲು ಏನೂ ಅಲ್ಲ, ಒಪ್ಪಿದೆ. ಆದರೆ ಅಲ್ಲಿ ಬೆವರು ಆರುತ್ತದೆ, ಇಲ್ಲಿ ಆರುವುದಿಲ್ಲ. ಮೈಯನ್ನು ತಂಪು ಮಾಡುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಕಡಲ ಬದಿಯ ಗಾಳಿ ಮೊದಲೇ ಒದ್ದೆ. ಅದು ಇನ್ನಷ್ಟು ನೀರನ್ನು ಎಲ್ಲಿಂದ ಹೀರಿಕೊಂಡೀತು? ಆದುದರಿಂದ ನಮ್ಮ ಬೆವರು ಕೆಲಸ ಮಾಡದೆ ಸಂಬಳ ತೆಗೆದುಕೊಳ್ಳುವ ನೌಕರನಂತೆ ಸುಮ್ಮನೆ ಇಳಿದು ಹೋಗುತ್ತದೆ. ಇದಕ್ಕೆ ನಾವು ಸೆಕೆ ಎನ್ನುತ್ತೇವೆ.

ಈ ಸೆಕೆಯಲ್ಲಿ ನಾನು ಸೈಕಲ್ ತುಳಿಯತೊಡಗಿದ್ದು ಯಾವ ಹವ್ಯಾಸಕ್ಕೂ ಅಲ್ಲ. ಬ್ಯಾಂಕಿನ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕುಳಿತದ್ದರ ಫಲವಾಗಿ ರಕ್ತದಲ್ಲಿ ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದರು. ಗಡಿಯಲ್ಲಿ ನಿಲ್ಲುವುದು ನಮಗೆ ಹೊಸತೇನಲ್ಲ, 1956ರಿಂದಲೂ ನಿಂತಿದ್ದೇವೆ. ಆದರೂ ಹೆದರಿಕೆಯಾಗಿ ಸೈಕಲೊಂದನ್ನು ಕೊಂಡೆ. ನೀರ್ಚಾಲಿನ ಮನೆಯಿಂದ ಕುಂಬಳೆಯ ಶಾಖೆಗೆ ಹೋಗುವಾಗ ಹೆಚ್ಚು ಇಳಿಜಾರು. ಬೆಳಗ್ಗಿನ ತಂಪಿನಲ್ಲಿ ನನ್ನಷ್ಟು ಗಟ್ಟಿಗ ಯಾರೂ ಇಲ್ಲವೆನಿಸುತ್ತಿತ್ತು. ಸಂಜೆ ನಾಯ್ಕಾಪಿನ ಏರು ಹತ್ತುವಾಗ ಆ ಭ್ರಮೆ ಬಿಟ್ಟುಹೋಗುತ್ತಿತ್ತು.

ಮೊದಮೊದಲು ಅರ್ಧ ಲೀಟರಿನ ಒಂದು ಬಾಟಲಿ ಸಾಕೆಂದುಕೊಂಡಿದ್ದೆ. ಸೈಕಲಿನಲ್ಲಿ ಹೋಗುವವನಿಗೆ ಒಂದು ಮೋಸವಿದೆ. ಓಡುವಾಗ ಎದುರು ಗಾಳಿ ಬೀಸಿ ಮೈ ಸ್ವಲ್ಪ ಆರುತ್ತದೆ. ಎಷ್ಟು ಬೆವರಿದೆ ಎಂದು ತಿಳಿಯುವುದೇ ಇಲ್ಲ. ಏರಿನಲ್ಲಿ ವೇಗ ಕಡಿಮೆಯಾದಾಗ ಇಲ್ಲವೆ ಇಳಿದು ನಿಂತಾಗಲೇ ಅಂಗಿ ಮೈಗಂಟುವುದು. ಮನೆಗೆ ಬಂದು ಅಂಗಿ ಒಣಹಾಕಿದರೆ ಬೆನ್ನಿನಲ್ಲಿ ಉಪ್ಪಿನ ಬಿಳಿ ಗೆರೆಗಳು. ಅಮ್ಮ ಅದನ್ನು ನೋಡಿ, "ಇದೆಂತದು, ಮಾವಿನಮಿಡಿ ಉಪ್ಪಿಗೆ ಹಾಕಿದ ಹಾಗೆ ಆಗಿದೆಯಲ್ಲ" ಎಂದು ನಗುತ್ತಿದ್ದಳು.

ನಮ್ಮ ಮನೆಯಲ್ಲಿ ನೀರಿಗೆ ಬೇರೆಯೇ ಒಂದು ಕಾನೂನಿತ್ತು. ಬಂದವರಿಗೆ ಮೊದಲು ಬೆಲ್ಲ ನೀರು ಕೊಡಬೇಕು, "ಆಸರಿಂಗೆ ಎಂತ ಬೇಕು" ಎಂದು ಕೇಳಬೇಕು. ಅದಕ್ಕೆ ಜಾತಿ ಮತದ ಭೇದವಿರಲಿಲ್ಲ. ಆದರೆ ನಾವು ಹೊರಗೆ ಹೋದಾಗ ಕಂಡ ಕಂಡ ಮನೆಯಲ್ಲಿ ನೀರು ಮುಟ್ಟಬಾರದು. ಅಜ್ಜಿಯ ಕಾಲದಲ್ಲಿ ಅದು ಮಡಿ. ಅಮ್ಮನ ಕಾಲಕ್ಕೆ ಅದು, "ಹೊರಗಿನ ನೀರು ಆಗಿಬರುವುದಿಲ್ಲ ಮಗ" ಎಂಬ ಆರೋಗ್ಯದ ಮಾತಾಯಿತು. ನನ್ನ ಕಾಲಕ್ಕೆ ಕಾರಣವೇ ಇಲ್ಲದೆ ಬರಿಯ ಅಭ್ಯಾಸವಾಗಿ ಉಳಿಯಿತು. ಯಾರದೋ ಹೋಟೆಲಿನಿಂದ ಬರುವ ಚಹಾವನ್ನು ದಿನಕ್ಕೆ ಮೂರು ಸಲ ಕುಡಿಯುತ್ತೇನೆ. ಯಾರು ಮಾಡಿದರೆಂದು ಕೇಳುವುದಿಲ್ಲ. ಆದರೆ ಒಂದು ಮನೆಯ ಬಾವಿಯ ನೀರು, ಆ ಮನೆಯ ಪಾತ್ರೆಯಲ್ಲಿ, ಆ ಮನೆಯವರ ಕೈಯಿಂದ ಎಂದಾಗ ಬಾಯಿ ತನ್ನಷ್ಟಕ್ಕೆ "ಬೇಡ" ಎನ್ನುತ್ತದೆ. ಬಿ.ಎ. ಓದಿದವನ ಲೆಕ್ಕ ಇದು. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಇದ್ದದ್ದನ್ನು ಬರೆಯಬೇಕು.

2024ರ ಎಪ್ರಿಲ್ 13, ವಿಷುವಿನ ಮುಂಚಿನ ದಿನ. ಎರಡನೆಯ ಶನಿವಾರವಾದ್ದರಿಂದ ರಜೆ. ಅಕ್ಕನ ಮನೆ ಬಾಯಾರಿನಲ್ಲಿ. ಹಬ್ಬಕ್ಕೆಂದು ಅವಳಿಗೊಂದು ಸೀರೆ, ತೋಟದ ಕದಳಿ ಬಾಳೆಹಣ್ಣು ತಲುಪಿಸಬೇಕಿತ್ತು. ಬಸ್ಸಿನಲ್ಲಿ ಹೋಗೆಂದು ಅಮ್ಮ ಹೇಳಿದಳು. ನಾನು ಸೈಕಲ್ ತೆಗೆದೆ. ಸೀತಾಂಗೋಳಿ ದಾಟಿ ಪುತ್ತಿಗೆಯ ಹತ್ತಿರ ಬರುವಾಗ ಹಿಂದಿನ ಚಕ್ರ ಪಂಕ್ಚರ್. ಅಂಗಡಿಯವನು ಬಂದು ಸರಿಮಾಡುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ಅಲ್ಲಿ ಒಂದು ಚಹಾ ಕುಡಿದೆ, ಬಾಟಲಿಯ ನೀರನ್ನೂ ಮುಗಿಸಿದೆ. ಮುಂದೆ ಎಲ್ಲಾದರೂ ತುಂಬಿಸಿಕೊಂಡರಾಯಿತು ಎಂದುಕೊಂಡೆ.

ಶಿರಿಯ ಹೊಳೆ ದಾಟಿ ಪೆರ್ಮುದೆಯ ಕಡೆಗೆ ಏರುವಾಗ ಹನ್ನೆರಡಾಗಿತ್ತು. ಬೇಸಗೆಯಲ್ಲಿ ಬಿಸಿಲಿಗೆ ದುಡಿಯುವವರಿಗೆ ಹನ್ನೆರಡರಿಂದ ಮೂರರವರೆಗೆ ವಿರಾಮ ಕೊಡಬೇಕೆಂದು ಕೇರಳ ಸರಕಾರ ಆಜ್ಞೆ ಹೊರಡಿಸುವುದು ಆ ಹೊತ್ತಿಗೇ. ಅಲ್ಲಿನ ಪದವು ನಿಮಗೆ ಗೊತ್ತಿದೆ: ಕಾದ ಮುರಕಲ್ಲು, ಒಣಗಿದ ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ಗೇರುಮರ, ದೂರದಲ್ಲಿ ಪೊಸಡಿ ಗುಂಪೆ. ಮಳೆಗಾಲದಲ್ಲಿ ನೀರು ಹರಿಯುವ ಅದೇ ಕಲ್ಲು ಎಪ್ರಿಲಿನಲ್ಲಿ ಕಾವಲಿಯಾಗುತ್ತದೆ. ದಾರಿಯಲ್ಲಿ ಮೂರು ಮನೆಗಳು ಸಿಕ್ಕಿದವು. ಮೂರರ ಮುಂದೆಯೂ ಬಾವಿ ಕಾಣುತ್ತಿತ್ತು. ಮೊದಲ ಮನೆಯ ಮುಂದೆ, ಮುಂದೆ ಅಂಗಡಿಯಿರಬಹುದು ಎಂದುಕೊಂಡೆ. ಎರಡನೆಯದರ ಮುಂದೆ, ಇನ್ನೆಷ್ಟು ದೂರ ಎಂದುಕೊಂಡೆ. ಮೂರನೆಯದರ ಮುಂದೆ ಏನೂ ಅಂದುಕೊಳ್ಳಲಿಲ್ಲ; ತಲೆ ನೋಯತೊಡಗಿತ್ತು.

ಬಾಯಾರು ಎಂಬ ಊರಿಗೆ ಬಾಯಾರಿ ಹೋಗುವುದು ನಮ್ಮಲ್ಲಿ ಹಳೆಯ ತಮಾಷೆ. ಅಂದು ತಮಾಷೆ ನೆನಪಾಗಲಿಲ್ಲ. ಮೀನಖಂಡದ ಸ್ನಾಯು ಗಂಟು ಕಟ್ಟಿತು. ಆ ಬಿಸಿಲಿನಲ್ಲೂ ಕೈಯ ರೋಮ ಎದ್ದು ನಿಂತು ಚಳಿಯಾದ ಹಾಗಾಯಿತು. ಸೈಕಲನ್ನು ಒಂದು ಕಲ್ಲಿನ ಪಾಗಾರಕ್ಕೆ ಒರಗಿಸಿ ಗೇರುಮರದಡಿ ಕುಳಿತವನಿಗೆ ಏಳಲಾಗಲಿಲ್ಲ.

ಪಾಗಾರದಾಚೆಯ ಮನೆಯಿಂದ ಅರುವತ್ತು ದಾಟಿದ ಉಮ್ಮ ಒಬ್ಬರು ಬಂದರು. "ಬೆಳ್ಳಂ ಬೇಣೋ ಮೋನೇ?" ಎಂದರು.

"ಬೇಡ" ಎಂದೆ. ಕನ್ನಡದಲ್ಲಿಯೇ ಎಂದೆ. ನಾನು ಹೇಳಿದ್ದಲ್ಲ, ನಲುವತ್ತು ವರ್ಷದ ಅಭ್ಯಾಸ ಹೇಳಿದ್ದು. ಅವರ ಬೇಂಡಕ್ಕೂ ನಮ್ಮ ಬೇಡಕ್ಕೂ ಎಷ್ಟು ಅಂತರ? ಅವರಿಗೆ ಅರ್ಥವಾಗಿರಲೇಬೇಕು. ಆದರೂ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು. ಬರುವಾಗ ಕೈಯಲ್ಲಿದ್ದದ್ದು ನೀರಲ್ಲ, ಸ್ಟೀಲಿನ ಬಟ್ಟಲು ತುಂಬ ಕುಚ್ಚಲಕ್ಕಿ ಗಂಜಿಯ ತೆಳಿ. ಉಪ್ಪು ಕದಡಿದ್ದರು. ಕೇಳುವ ಕ್ರಮ ಈ ಸಲ ಇರಲಿಲ್ಲ. ಬಟ್ಟಲನ್ನು ಕೈಯಲ್ಲಿಟ್ಟು, ಕುಡಿ ಎಂದರು. ಮೊಮ್ಮಗನನ್ನು ಕರೆದು ಬಾವಿಯಿಂದ ಕೊಡಪಾನ ತರಿಸಿ ನನ್ನ ತಲೆಗೂ ಕತ್ತಿಗೂ ಹೊಯ್ಯಿಸಿದರು. ನಾನು ಗಟಗಟನೆ ಕುಡಿಯತೊಡಗಿದಾಗ, "ಮೆಲ್ಲೆ, ಮೆಲ್ಲೆ" ಎಂದು ತಡೆದರು. ಪೆರ್ನಾಳು ಕಳೆದು ಮೂರೇ ದಿನವಾಗಿತ್ತು. ಅದೇ ಸೆಕೆಯಲ್ಲಿ ಒಂದು ತಿಂಗಳು ಹಗಲಿಡೀ ನೀರು ಮುಟ್ಟದೆ ಇದ್ದವರು. ಬತ್ತಿದ ಬಾಯಿಗೆ ಹೇಗೆ ನೀರು ಕೊಡಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅರ್ಧ ಗಂಟೆಯಲ್ಲಿ ತಲೆ ತಿಳಿಯಾಯಿತು. ಭಾವನಿಗೆ ಫೋನು ಮಾಡಿದೆ. ಜೀಪು ತಂದು ನನ್ನನ್ನೂ ಸೈಕಲನ್ನೂ ಹೇರಿಕೊಂಡು ಹೋದರು. ಅಕ್ಕನ ಮನೆಗೆ ನೀರು ಸುರಂಗದಿಂದ ಬರುತ್ತದೆ. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಆ ಸುರಂಗಕ್ಕೆ ಪಂಪು ಬೇಡ, ಕರೆಂಟು ಬೇಡ. ಒಸರಿದ ನೀರು ತಾನಾಗಿ ಹರಿದು ತೊಟ್ಟಿಗೆ ಬೀಳುತ್ತದೆ. ಹಿಂದೆ ಅದನ್ನು ಕೊರೆಯುವವರು ದೀಪ ಹಿಡಿದು ಒಳಗೆ ಹೋಗುತ್ತಿದ್ದರಂತೆ. ದೀಪ ಮಂಕಾದರೆ ಉಸಿರಾಡುವ ಗಾಳಿ ಸಾಲದೆಂದು ಹೊರಗೆ ಬರುತ್ತಿದ್ದರು. ಆ ತೊಟ್ಟಿಯ ಬದಿಯಲ್ಲಿ ಕುಳಿತು ನಾನು ಯೋಚಿಸಿದ್ದು ನನ್ನ ದೀಪ ಮಂಕಾದದ್ದು ನನಗೆ ತಿಳಿಯದೆ ಹೋಯಿತಲ್ಲ ಎಂದು.

ಆಮೇಲೆ ಡಾಕ್ಟರಲ್ಲಿ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಬಿಸಿಲಿನಲ್ಲಿ ಒಂದು ಗಂಟೆ ಸೈಕಲ್ ತುಳಿದರೆ ಅರ್ಧದಿಂದ ಒಂದು ಲೀಟರ್, ಕೆಲವರಿಗೆ ಇನ್ನೂ ಹೆಚ್ಚು ಬೆವರು ಹೋಗುತ್ತದೆ. ನಿಮ್ಮ ಲೆಕ್ಕ ಬೇಕಾದರೆ ಹೊರಡುವ ಮೊದಲು ಮತ್ತು ಬಂದ ಮೇಲೆ ತೂಕ ನೋಡಿ; ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನ ಸಾಲ. ಬಾಯಾರಿಕೆ ತಡವಾಗಿ ಬರುವ ನೋಟೀಸು, ಅದನ್ನು ಕಾಯಬಾರದು. ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು ಕುಡಿಯುವುದು ಮೇಲು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು. ಹಾಗೆಂದು ಗಂಟೆಗಟ್ಟಲೆ ಬೆವರಿ ಬರಿಯ ನೀರನ್ನೇ ಹೊಟ್ಟೆಬಿರಿಯ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಅದೂ ಅಪಾಯ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆಯಿದ್ದವರು ಉಪ್ಪಿನ ವಿಷಯ ಡಾಕ್ಟರಲ್ಲಿ ಕೇಳಬೇಕು. ಬಿಸಿಲಿಗೆ ಬಿದ್ದವನ ಮೈ ಸುಡುತ್ತಿದ್ದು ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹೊಯ್ಯಬಾರದು. ನೆರಳಿಗೆ ತಂದು ಮೈಗೆ ನೀರು ಹೊಯ್ದು ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಗಂಜಿ ತೆಳಿಯ ಗುಟ್ಟನ್ನೂ ಡಾಕ್ಟರೇ ಬಿಡಿಸಿ ಹೇಳಿದರು. ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳಲು ಗ್ಲುಕೋಸಿನ ಜೊತೆ ಬೇಕು. ಇಬ್ಬರೂ ಕೂಡಿ ಹೋಗುವಾಗ ನೀರೂ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಂಗಾಳದ ಗಡಿಯ ಬನಗಾಂವಿನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದಾಗ, ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು ಮತ್ತು ಗ್ಲುಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿ ಅಸಂಖ್ಯ ಜೀವ ಉಳಿಸಿದ್ದು ಇದೇ ತತ್ತ್ವದಿಂದ. 2022ರಲ್ಲಿ ಅವರು ತೀರಿಕೊಂಡರು. ಗಂಜಿಯ ಪಿಷ್ಟವೂ ಹೊಟ್ಟೆಯೊಳಗೆ ಗ್ಲುಕೋಸೇ ಆಗುತ್ತದೆ. ಮನೆಯಲ್ಲಿ ಮಾಡುವುದಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನನ್ನಂತಹ ಸಕ್ಕರೆಯ ಗಡಿಯವರಿಗೆ ದಿನದ ಸವಾರಿಗೆ ಅದೂ ಬೇಡ. ಉಪ್ಪು ಹಾಕಿದ ನೀರುಮಜ್ಜಿಗೆ, ಸಕ್ಕರೆಯಿಲ್ಲದ ಪುನರ್ಪುಳಿ ನೀರು ಧಾರಾಳ ಸಾಕು.

ಆದರೆ ನನಗೆ ಡಾಕ್ಟರಿಗಿಂತ ಕಷ್ಟವಾದದ್ದು ಅಮ್ಮನಿಗೆ ಹೇಳುವುದು. ವಿಷುವಿನ ರಾತ್ರಿ ಊಟವಾದ ಮೇಲೆ ಎಲ್ಲ ಹೇಳಿದೆ. ಯಾರ ಮನೆ, ಏನು ಕುಡಿದೆ ಎಂಬುದನ್ನೂ ಬಿಡಲಿಲ್ಲ. ಎಂಬತ್ತರ ಹತ್ತಿರದ ಅಮ್ಮ ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಉಪ್ಪು ಹಾಕಿದ್ದಳಾ?"

"ಹಾಕಿದ್ದರು."

"ಹಾಗಾದರೆ ತಿಳಿದವಳು" ಎಂದು ಎಲೆಗೆ ಸುಣ್ಣ ಹಚ್ಚತೊಡಗಿದಳು. ಆಮೇಲೆ, "ಮೊದಲ ಮನೆಯಲ್ಲೇ ಕೇಳಬೇಕಿತ್ತು ನೀನು" ಎಂದಳು. ಆ ಕಾನೂನನ್ನು ನನಗೆ ಕಲಿಸಿದ್ದು ತಾನೇ ಎಂಬ ನೆನಪು ಅವಳಿಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಮರುವಾರ ಪುನರ್ಪುಳಿ ಒಣಸಿಪ್ಪೆಯ ಒಂದು ಕಟ್ಟನ್ನು ಅಮ್ಮನೇ ಕಟ್ಟಿ ಕೊಟ್ಟಳು. ಅದನ್ನು ಆ ಉಮ್ಮನಿಗೆ ಒಪ್ಪಿಸಿ, ಜಗಲಿಯಲ್ಲಿ ಕುಳಿತು, ಕೇಳಿ ಒಂದು ಚೆಂಬು ನೀರು ಕುಡಿದು ಬಂದೆ. ಈಗ ನನ್ನ ಸೈಕಲಿನಲ್ಲಿ ಎರಡು ದೊಡ್ಡ ಬಾಟಲಿಗಳಿವೆ. ಮಧ್ಯಾಹ್ನ ಸವಾರಿ ಇಲ್ಲ. ಬಾಟಲಿ ಖಾಲಿಯಾದರೆ ಸಿಕ್ಕಿದ ಮೊದಲ ಮನೆಯಲ್ಲಿ ಇಳಿಯುತ್ತೇನೆ. ಆದರೆ ಈಚೆಗೆ ಮನೆಗಳಿಗೆಲ್ಲ ಎತ್ತರದ ಗೇಟು ಬಂದಿದೆ. ನಮ್ಮ ಮನೆಗೂ ಬಂದಿದೆ. ಕೇಳಲು ಸಿದ್ಧನಾದವನಿಗೂ ಕೂಗುವುದು ಯಾರನ್ನು ಎಂದು ತಿಳಿಯುವುದಿಲ್ಲ.

ಇದನ್ನು ಹೇಳಿದ್ದಕ್ಕೆ ಅಮ್ಮ ನಮ್ಮ ಗೇಟಿನ ಹೊರಗೆ ಕಲ್ಲಿನ ಮೇಲೆ ಒಂದು ಮಣ್ಣಿನ ಹೂಜಿ ಇಡಿಸಿದಳು, ಮೇಲೆ ಮುಚ್ಚಳ, ಪಕ್ಕದಲ್ಲಿ ಲೋಟ. ಲಾಟರಿ ಮಾರುವವರು, ಮೀನಿನ ಬೈಕಿನವರು, ಬಂಗಾಳದಿಂದ ಕೆಲಸಕ್ಕೆ ಬಂದ ಹುಡುಗರು ಕುಡಿದು ಹೋಗುತ್ತಾರೆ. ಸಂಜೆ ನಾನು ಬಂದ ಕೂಡಲೇ ಅಮ್ಮನ ಪ್ರಶ್ನೆ, "ಇವತ್ತು ಎಷ್ಟು ಉಳಿದಿದೆ?" ನಾನು ಮುಚ್ಚಳ ತೆಗೆದು ಬಾಕಿ ನೋಡಿ ಹೇಳುತ್ತೇನೆ. ಏನೂ ಉಳಿದಿಲ್ಲ ಎಂದ ದಿನ ಅವಳಿಗೆ ಬಹಳ ಸಂತೋಷ.