ಕವಿಗೋಷ್ಠಿಯೂ ವಸ್ತಿ ಬಸ್ಸೂ

ಸಾಹಿತ್ಯ ಸಮ್ಮೇಳನದ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರದವರು, ಶಿರಹಟ್ಟಿಯವರು, ಮುಂಡರಗಿಯವರು ಅಧ್ಯಕ್ಷರ ಹೆಸರಿನ ಜೊತೆಗೇ ಇನ್ನೊಂದನ್ನು ಹುಡುಕುತ್ತಾರೆ: ಕವಿಗೋಷ್ಠಿ ಎಷ್ಟಕ್ಕೆ ಮುಗಿಯುತ್ತದೆ? ಅದು ಗೊತ್ತಾದ ಮೇಲೆಯೇ ಉಳಿದ ಲೆಕ್ಕ. ಏಕೆಂದರೆ ಈ ಮೂರೂ ಊರಿಗೆ ರೈಲಿಲ್ಲ. ಇಲ್ಲಿನ ಸಾಹಿತ್ಯಾಭಿಮಾನಿ ಹೋಗುವುದೂ ಬಸ್ಸಿನಲ್ಲಿ, ಬರುವುದೂ ಬಸ್ಸಿನಲ್ಲಿ.

ಗದಗಿನ ಮಾತು ಬೇರೆ. ಹುಬ್ಬಳ್ಳಿ, ಗುಂತಕಲ್ಲು, ಹೊಟಗಿ ಹೀಗೆ ಮೂರು ದಿಕ್ಕಿಗೂ ಹಳಿ ಚಾಚಿಕೊಂಡಿರುವ ಜಂಕ್ಷನ್ ಅದು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪ ಅವರ ಅಧ್ಯಕ್ಷತೆಯಲ್ಲಿ 87ನೆಯ ಸಮ್ಮೇಳನ ನಡೆದಾಗ, ಗದಗಿನವರು ಗಾಡಿ ಬದಲಿಸದೆ ಅಲ್ಲಿಗೆ ಹೋಗಬಹುದಿತ್ತು. ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ, ಬಳ್ಳಾರಿ ಸುತ್ತಿ ಬೆಂಗಳೂರು ದಾಟಿ ಮಂಡ್ಯ ಮುಟ್ಟುತ್ತದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿಯ ಮೇಲೆ ಹೋಗುತ್ತದೆ. ಎರಡೂ ಮೈಸೂರಿನ ಗಾಡಿಗಳೇ. ಆದರೆ ಹಿಂದಿರುಗಿ ಹೊತ್ತಲ್ಲದ ಹೊತ್ತಿನಲ್ಲಿ ಗದಗ ಸ್ಟೇಷನ್ನಿನಲ್ಲಿ ಇಳಿದ ಲಕ್ಷ್ಮೇಶ್ವರದ ಮೇಷ್ಟ್ರಿಗೆ ಉಳಿದ ನಲವತ್ತರ ಆಸುಪಾಸಿನ ಕಿಲೋಮೀಟರೇ ದೊಡ್ಡ ಹಾದಿ. ಬೆಳಗಿನ ಮೊದಲ ಬಸ್ಸಿನವರೆಗೆ ಅವರು ನಿಲ್ದಾಣದ ಬೆಂಚಿನ ಮೇಲೆ ಕೂತಿರಬೇಕು.

ಗದಗ ಎರಡು ಸಲ ಅಖಿಲ ಭಾರತ ಸಮ್ಮೇಳನಕ್ಕೆ ಮನೆಯಾಗಿದೆ. 1961ರಲ್ಲಿ ಕೆ.ಜಿ. ಕುಂದಣಗಾರರು ಅಧ್ಯಕ್ಷರು. ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿದ್ದೂ ಅದೇ ವರ್ಷ. 2010ರ ಫೆಬ್ರುವರಿಯಲ್ಲಿ 76ನೆಯ ಸಮ್ಮೇಳನಕ್ಕೆ ಗೀತಾ ನಾಗಭೂಷಣ ಅಧ್ಯಕ್ಷೆ. ಆ ಹೊತ್ತಿಗೆ ಗದಗ ಜಿಲ್ಲೆಯಾಗಿತ್ತು, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಬಂದಿತ್ತು. ಎರಡೂ 1997ರ ಕೂಸುಗಳು.

ಇಂಥ ದೊಡ್ಡ ಹಬ್ಬ ಊರಿಗೆ ಬಂದಾಗ ಸುತ್ತಲಿನವರಿಗೆ ಆಗುವ ಸುಖವೆಂದರೆ ವಸತಿಗೆ ಹೆಸರು ನೋಂದಾಯಿಸುವ ತಾಪತ್ರಯವಿಲ್ಲದೆ ಮನೆಯಿಂದಲೇ ಓಡಾಡಿ ಕೇಳುವುದು. ಲಕ್ಷ್ಮೇಶ್ವರದಿಂದ ಬರುವವರ ಹಾದಿಯಲ್ಲಿ ಕವಿ ನಯಸೇನನ ಮುಳಗುಂದ, ಮುಂಡರಗಿಯವರ ಹಾದಿಯಲ್ಲಿ ದೊಡ್ಡಬಸಪ್ಪನ ಗುಡಿಯ ಡಂಬಳ. ಲಕ್ಷ್ಮೇಶ್ವರವಂತೂ ಪಂಪನ ಕನ್ನಡದ ತಿರುಳು ನೆಲವಾದ ಪುಲಿಗೆರೆಯೇ. ಸಮ್ಮೇಳನಕ್ಕೆ ಹೊರಟ ಕೆಂಪು ಬಸ್ಸು ಕನ್ನಡದ ಇಂಥ ಹಳೆಯ ಊರುಗಳ ನಡುವೆಯೇ ಓಡುತ್ತದೆ.

ಬೆಳಗಿನ ಆ ಬಸ್ಸನ್ನು ನೋಡಬೇಕು. ಗಾಡಿ ಪ್ಲಾಟ್‌ಫಾರ್ಮಿಗೆ ಹಿಮ್ಮುಖವಾಗಿ ಬರುತ್ತಿರುವಾಗಲೇ ಕಿಟಕಿಯಿಂದ ಟವೆಲ್ಲು, ಕರ್ಚೀಫು, ಕೈಚೀಲ ಒಳಗೆ ಬಿದ್ದು ಸೀಟು ಹಿಡಿಯುತ್ತವೆ. ಸಾಲಿ ಮಾಸ್ತರರು ಜೇಬಿನಲ್ಲಿ ಪ್ರತಿನಿಧಿಯ ರಸೀದಿ ಇದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ಓಓಡಿ (ಅನ್ಯಕಾರ್ಯ ನಿಮಿತ್ತ) ರಜೆಗೆ ಹಾಜರಾತಿ ಪ್ರಮಾಣಪತ್ರ ತರಲೇಬೇಕು. ‘ಮುಂದ ಸರೀರಿ, ಒಳಗ ಜಾಗ ಐತಿ’ ಎನ್ನುತ್ತ ಕಂಡಕ್ಟರು ಜನರ ನಡುವೆ ತೂರಿಕೊಂಡು ಬರುತ್ತಾರೆ. ‘ಯಕ್ಕಾ, ಆಧಾರ್ ತೋರ್ಸ್ರಿ’ ಎಂದು ಮಷಿನ್ನಿನಿಂದ ಶೂನ್ಯ ಮೊತ್ತದ ಟಿಕೆಟ್ಟು ಹರಿದು ಕೊಡುತ್ತಾರೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ತಂದ ಬದಲಾವಣೆ ಇದು. ಸಾಮಾನ್ಯ ಬಸ್ಸಿನಲ್ಲಿಯೂ ವೇಗದೂತದಲ್ಲಿಯೂ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಬಸ್ ಚಾರ್ಜಿಗೆ ಮನೆಯಲ್ಲಿ ಕೈಯೊಡ್ಡಬೇಕಾಗಿದ್ದ ಹೆಣ್ಣುಮಗಳು ಪುಸ್ತಕದ ಮಳಿಗೆಯವರೆಗೆ ತನ್ನ ಇಷ್ಟದಂತೆ ಹೋಗಬಹುದಾದದ್ದು ಸಣ್ಣ ಮಾತಲ್ಲ. 2023ರ ಜನವರಿಯ ಹಾವೇರಿ ಸಮ್ಮೇಳನದ ಕಾಲಕ್ಕೆ ಈ ಸೌಲಭ್ಯ ಇರಲಿಲ್ಲ. ಮಂಡ್ಯದ ಹೊತ್ತಿಗೆ ಇತ್ತು.

ಹೋಗುವಾಗಿನ ಉಮೇದು ಬರುವಾಗಲೂ ಉಳಿಯಬೇಕಲ್ಲ, ತೊಡಕಿರುವುದು ಅಲ್ಲಿಯೇ. ಸಮ್ಮೇಳನ ಹೊತ್ತು ಏರಿದಂತೆ ರಂಗೇರುತ್ತದೆ. ಮೆರವಣಿಗೆ ತಡವಾದರೆ ಉದ್ಘಾಟನೆ ತಡ, ಉದ್ಘಾಟನೆ ತಡವಾದರೆ ಗೋಷ್ಠಿಗಳೆಲ್ಲ ಹಿಂದೆ ಬೀಳುತ್ತವೆ. ಸಂಜೆಯ ಕವಿಗೋಷ್ಠಿ ಕತ್ತಲಾದ ಮೇಲೆ ಶುರುವಾಗುತ್ತದೆ, ಹಾಡು ಕುಣಿತ ಇನ್ನೂ ಆಮೇಲೆ. ಹಳ್ಳಿಯ ಕೊನೆಯ ಗಾಡಿಯಾದ ವಸ್ತಿ ಬಸ್ಸು ಅಷ್ಟು ಹೊತ್ತು ಕಾಯುವಂತಿಲ್ಲ. ಅದು ರಾತ್ರಿ ಹಳ್ಳಿ ಮುಟ್ಟಿ, ಡ್ರೈವರು ಕಂಡಕ್ಟರು ಅಲ್ಲಿಯೇ ಮಲಗಿ, ನಸುಕಿನಲ್ಲಿ ಹಾಲಿನವರನ್ನು, ಕಾಲೇಜಿನ ಹುಡುಗರನ್ನು ಹತ್ತಿಸಿಕೊಂಡು ಹೊರಡಬೇಕು. ಅದಕ್ಕೇ ತಾನು ಬಹುಕಾಲದಿಂದ ಓದಿಕೊಂಡು ಬಂದ ಕವಿ ಮೈಕಿನ ಮುಂದೆ ಬಂದು ನಿಂತಾಗಲೇ ಹಳ್ಳಿಯ ಓದುಗ ಚೀಲ ಹೆಗಲಿಗೇರಿಸಿ ಎದ್ದುಬಿಡುತ್ತಾನೆ. ಮಾತು ಬೇಸರವಾಗಿ ಎದ್ದವನಲ್ಲ ಅವನು. ಗದಗಿನ ಮುಳಗುಂದ ನಾಕಾದಲ್ಲಿ ಲಕ್ಷ್ಮೇಶ್ವರದ ಗಾಡಿ ತಪ್ಪಿದರೆ ಮುಂದೆ ದಾರಿಯಿಲ್ಲ.

ಕಲೆಯ ಬೆನ್ನು ಹತ್ತಿ ಪಯಣಿಸುವುದು ಈ ಸೀಮೆಗೆ ಹೊಸದೇನಲ್ಲ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿಗೆ ಗುರುವನ್ನು ಅರಸಿ ಮನೆಬಿಟ್ಟು ರೈಲು ಹತ್ತಿದವರು. ಸಹಪ್ರಯಾಣಿಕರ ನೆರವಿನಿಂದ ಪಯಣ ಮುಂದುವರಿಸಿ ಕೊನೆಗೆ ಗ್ವಾಲಿಯರ್ ಮುಟ್ಟಿದರು. ಗಂಗೂಬಾಯಿ ಹಾನಗಲ್ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಸಂಗೀತಕ್ಕೆ ಆಗ ಆ ಗಾಡಿಗಳು ಎಷ್ಟು ಬೇಕಾಗಿದ್ದವೋ ಸಾಹಿತ್ಯಕ್ಕೆ ಈಗ ಈ ಬಸ್ಸುಗಳು ಅಷ್ಟೇ ಬೇಕು.

ಬಲ್ಲವರು ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಹಾವೇರಿಗೆ ಹೋಗಲು ಲಕ್ಷ್ಮೇಶ್ವರದವರು ಗದಗಿಗೆ ಬರಬೇಕಿಲ್ಲ, ಸವಣೂರಿನ ಮೇಲೆ ಹೋದರಾಯಿತು. ರೈಲೇ ಬೇಕೆಂದರೆ ಯಲವಿಗಿ ಇದೆ. ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ಹಳಿ ಹಾಕಿರೆಂಬ ಬೇಡಿಕೆ ಬಹಳ ಹಳೆಯದು, ನ್ಯಾಯದ್ದು. ಮುಂಡರಗಿಯವರಿಗೆ ಅಳವಂಡಿಯ ಮೇಲೆ ಕೊಪ್ಪಳ ಹತ್ತಿರ. ಬಳ್ಳಾರಿ ಕಡೆಯ ರೈಲನ್ನು ಅಲ್ಲಿಯೇ ಹಿಡಿಯಬಹುದು.

ಮಂಡ್ಯದ ಬಳಿಕ ಆತಿಥ್ಯಕ್ಕೆ ಆಯ್ಕೆಯಾದದ್ದು ಬಳ್ಳಾರಿಯೇ. ಸಮ್ಮೇಳನ ಯಾವ ಊರಲ್ಲೇ ನಡೆಯಲಿ, ಊಟಕ್ಕೊಂದು, ವಸತಿಗೊಂದು ಸಮಿತಿ ಮಾಡುವವರು ಮರಳುವ ಬಸ್ಸಿಗೂ ಒಂದು ಸಮಿತಿ ಮಾಡಬೇಕು. ಸುತ್ತಲಿನ ತಾಲ್ಲೂಕುಗಳಿಗೆ ಕವಿಗೋಷ್ಠಿ ಮುಗಿದ ಮೇಲೆ ಹೊರಡುವಂತೆ ಒಂದೊಂದು ವಿಶೇಷ ಗಾಡಿ ಬಿಡಿಸಬೇಕು. ಅದರ ಹೊತ್ತನ್ನು ಆಮಂತ್ರಣ ಪತ್ರಿಕೆಯಲ್ಲಿ ಕವಿಗಳ ಹೆಸರಿನ ಕೆಳಗೇ ಅಚ್ಚು ಹಾಕಿಸಬೇಕು.