ಬೀಗವೆಂಬ ಬೀಗರು

ಬೀಗವನ್ನೂ ಬೀಗರನ್ನೂ ಬಲವಂತದಿಂದ ಒಲಿಸಲಾಗದು ಎಂದು ನನ್ನ ಅಜ್ಜಿ ಹೇಳುವುದುಂಟು. ಬೀಗರ ಅನುಭವ ನನಗಿನ್ನೂ ಇಲ್ಲ. ಬೀಗದ ಪಾಠ ಮಾತ್ರ ಆಗಿದೆ. ಅರ್ಧ ಕೊಚ್ಚಿಯಲ್ಲಿ, ಅರ್ಧ ತಿರುವನಂತಪುರದಲ್ಲಿ.

ಕಾಸರಗೋಡಿನವರಾದ ನಮಗೆ 1956ರಿಂದ ರಾಜಧಾನಿಯೆಂದರೆ 550 ಕಿಲೊಮೀಟರಿಗೂ ಆಚೆಯ ಊರು. ಅಲ್ಲಿನ ಶ್ರೀ ಚಿತ್ರಾ ಆಸ್ಪತ್ರೆಯಲ್ಲಿ ಅಜ್ಜಿಯ ಹೃದಯದ ಪರೀಕ್ಷೆಗೆ ದಿನ ಗೊತ್ತಾಗಿತ್ತು. ರೈಲು ಹತ್ತುವ ಮೊಣಕಾಲು ಅವಳದಲ್ಲ. ಹಾಗಾಗಿ ಚಿಕ್ಕಪ್ಪನ ಹಳೆಯ ಕಾರು ಹೊರಟಿತು. ಹಿಂದಿನ ಮಾಲೀಕರು ಅದಕ್ಕೆ ಹೊರಗಿನಿಂದ ಸೆಂಟ್ರಲ್ ಲಾಕ್ ಹಾಕಿಸಿದ್ದರು. ಚಾಲಕನ ಬಾಗಿಲಿಗೆ ಕೀಲಿ ತಿರುಗಿಸಿದರೆ ನಾಲ್ಕೂ ಬಾಗಿಲು 'ಟಪ್' ಎನ್ನಬೇಕು.

ಇಡಪ್ಪಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಮೂರೇ ಬಾಗಿಲು 'ಟಪ್' ಎಂದವು. ಅಜ್ಜಿ ಕುಳಿತ ಬದಿಯದು ಸುಮ್ಮನಿತ್ತು. ಒಳಗಿನ ಗುಂಡಿಯನ್ನು ಕೈಯಲ್ಲಿ ಎಳೆದರೂ ಏಳಲಿಲ್ಲ. ಹೊರಗೆ ಜಡಿಮಳೆ. ಇನ್ನೊಂದು ಬದಿಯ ಬಾಗಿಲಿಗೆ ಸರಿಯಲು ಅಜ್ಜಿಗೆ ಹತ್ತು ನಿಮಿಷ ಬೇಕಾಯಿತು. "ಇದಕ್ಕೂ ನನ್ನ ಹಾಗೆ ಗಂಟು ಹಿಡಿದದ್ದು ಮಾರಾಯ" ಎಂದು ನಕ್ಕಳು. ನಮಗೆ ನಗು ಬರಲಿಲ್ಲ. ದಾರಿಯಲ್ಲಿ ಏನಾದರೂ ಆದರೆ ಹತ್ತು ನಿಮಿಷ ಯಾರು ಕೊಡುತ್ತಾರೆ?

ಹತ್ತಿರದ ವರ್ಕ್‌ಶಾಪಿನ ಯಜಮಾನರನ್ನು ಹುಡುಗರೆಲ್ಲ 'ಆಶಾನ್' ಎನ್ನುತ್ತಿದ್ದರು. ನಮ್ಮ 'ಆಚಾರ್ಯ'ನೇ ಅಲ್ಲಿ ಹೀಗೆ ಸವೆದಿದ್ದಾನೆ. ಬೀಗಕ್ಕೆ ಮಲಯಾಳದಲ್ಲಿ 'ಪೂಟ್ಟ್'; ಎತ್ತು ಹೂಡುವ ನಮ್ಮ 'ಹೂಡು', ಹಳಗನ್ನಡದ 'ಪೂಡು', ಅದರ ದಾಯಾದಿ. ಆಶಾನ್ ಮೊದಲು ಕೇಳಿದ್ದು, ಬೇರೆ ಬಾಗಿಲುಗಳು ಸರಿ ಉಂಟೋ ಎಂದು. ನಾಲ್ಕೂ ಸತ್ತಿದ್ದರೆ ಫ್ಯೂಸನ್ನೋ ಕಂಟ್ರೋಲ್ ಡಬ್ಬಿಯನ್ನೋ ಚಾಲಕನ ಬಾಗಿಲನ್ನೋ ನೋಡಬೇಕಂತೆ. ಒಂದೇ ಸತ್ತರೆ ರೋಗ ಆ ಬಾಗಿಲಿನೊಳಗೇ.

ಕಿಟಕಿಯ ಹಿಡಿಯ ಹಿಂದೆ ಬಟ್ಟೆಯ ಚೂರೊಂದನ್ನು ಸಿಕ್ಕಿಸಿ ಗರಗಸದಂತೆ ಆಚೀಚೆ ಎಳೆದರು. ಕ್ಲಿಪ್ಪು ಹಾರಿತು, ಹಿಡಿ ಕೈಗೆ ಬಂತು. ಪ್ಯಾಡ್ ಬಿಚ್ಚಿ, ಪ್ಲಾಸ್ಟಿಕ್ ಹಾಳೆ ಸರಿಸಿದರೆ ಒಳಗೆ ಬೆರಳುದ್ದದ ಮೋಟರು, ಅದರಿಂದ ಲಾಕಿಗೆ ಒಂದು ಸಣ್ಣ ಕಂಬಿ. ಕಂಬಿ ಕಳಚಿದರೂ ಗುಂಡಿ ಬಿಗಿಯಾಗಿಯೇ ಇತ್ತು. ಎಂದರೆ ಮೋಟರು ನಿರಪರಾಧಿ. ಬಾಗಿಲಿನ ಅಡಿಯ ತೂತುಗಳು ಕೆಸರಿನಿಂದ ಮುಚ್ಚಿ, ಕಿಟಕಿಯಿಂದ ಇಳಿದ ನೀರು ಒಳಗೇ ನಿಂತು, ಲಾಕಿನ ಕೊಂಡಿಗೆ ತುಕ್ಕು ಹತ್ತಿತ್ತು. ಹಳೆಯ ಗ್ರೀಸು ದೂಳು ಕುಡಿದು ಹಲಸಿನ ಮೇಣದಂತಾಗಿತ್ತು. ಸೀಮೆಎಣ್ಣೆ, ಬ್ರಷ್ಷು, ಕೊನೆಗೆ ಹೊಸ ಗ್ರೀಸು. ಬಾಗಿಲು ತೆರೆಯಿತು. ಆಶಾನ್ ಮೋಟರನ್ನು ಮತ್ತೆ ಜೋಡಿಸಲಿಲ್ಲ. ಕೈಯಲ್ಲಿ ತೆರೆದರೆ ಸಾಕು, ಮೊದಲು ಅಮ್ಮಚ್ಚಿಯನ್ನು ತಲುಪಿಸಿ ಎಂದರು.

ಮರುದಿನ ಅಜ್ಜಿ ಆಸ್ಪತ್ರೆಯಲ್ಲಿ, ಜೊತೆಗೆ ಚಿಕ್ಕಮ್ಮ. ನಾನೂ ಚಿಕ್ಕಪ್ಪನೂ ಚಾಲೈ ಪೇಟೆಯ ಬಳಿ ಒಬ್ಬ ಎಲೆಕ್ಟ್ರೀಷಿಯನ್ ಹುಡುಗನನ್ನು ಹಿಡಿದೆವು. ಮೋಟರಿಗೆ ಬರುವುದು ಎರಡೇ ತಂತಿ. ಕರೆಂಟು ಹೀಗೆ ಹರಿದರೆ ಹಾಕುತ್ತದೆ, ತಿರುಗಿ ಹರಿದರೆ ತೆಗೆಯುತ್ತದೆ. ಚಾಲಕನ ಬಾಗಿಲಿಗೆ ಮಾತ್ರ ಐದು, ಅಪ್ಪಣೆ ಕೊಡುವ ಸ್ವಿಚ್ಚು ಅಲ್ಲಿರುವುದರಿಂದ. ಹುಡುಗ ಮೋಟರನ್ನು ಜೋಡಿಸಿ ನೋಡಿದ. ಬಾಗಿಲು ಮುಚ್ಚಿದಾಗ ಕೆಲಸ ಮಾಡಿತು, ತೆರೆದಾಗ ಇಲ್ಲ! ಅವನು ನೇರ ಕೀಲಿನ ಬಳಿಯ ರಬ್ಬರ್ ಕೊಳವೆಗೆ ಕೈ ಹಾಕಿದ. ತಂತಿ ಹೊರಗಿನಿಂದ ನೆಟ್ಟಗಿತ್ತು; ಸಿಪ್ಪೆಯೊಳಗೆ ತಾಮ್ರ ತುಂಡಾಗಿತ್ತು. ವರ್ಷಗಟ್ಟಲೆ ಬಾಗಿ ಬಾಗಿ ಬಾಗುವಲ್ಲೇ ಮುರಿದಿತ್ತು. ಬಾಗಿಲು ಮುಚ್ಚಿದಾಗ ತುದಿಗಳು ಒಂದಕ್ಕೊಂದು ತಾಗುತ್ತಿದ್ದವು. ತುಸು ಉದ್ದದ ಹೊಸ ತಂತಿಯಿಟ್ಟು ಬೆಸುಗೆ ಹಾಕಿದ.

ಕಳ್ಳರು ಬಾರದಿರಲೆಂದು ಬೀಗ ಮಾಡುತ್ತೇವೆ. ಮನೆಯವರು ಹೊರಬರಬೇಕೆಂಬುದು ಬೀಗಕ್ಕೆ ನೆನಪಿರುವುದಿಲ್ಲ, ನಾವೇ ನೆನಪಿಸಬೇಕು. ಗೆಳೆಯರೆ, ನಿಮ್ಮಲ್ಲಿ ಹಳೆಯ ಕಾರಿದ್ದರೆ ಮಳೆಗಾಲಕ್ಕೆ ಮುಂಚೆ ಬಾಗಿಲಿನ ಅಡಿಯ ತೂತುಗಳಿಗೆ ಒಂದು ಕಂಬಿ ಆಡಿಸಿ. ಪ್ರತಿ ಗುಂಡಿಯನ್ನೂ ಕೈಯಿಂದ ಒಮ್ಮೆ ಎತ್ತಿ ನೋಡಿ. ಖರ್ಚೇನಿಲ್ಲ.